ಹಿಂದಿನ ಬಳಕೆ: ಗೋದಾಮು

ಬೆಟಗೇರಿಯ ಈ ಎರಡು ಎಕರೆ ಹನ್ನೊಂದು ಗುಂಟೆಗೆ
ಕಾಗದದ ಮೇಲೆ ಒಂದೇ ಶಬ್ದದ ಚರಿತ್ರೆ.
ಉತಾರದಲ್ಲಿ ಗೋದಾಮು, ಕರದ ಪಾವತಿಯಲ್ಲಿ ಗೋದಾಮು,
ಮಸಿ ಹರಡಿದ ಖರೀದಿ ಪತ್ರದಲ್ಲಿ
"ಸದರಿ ಗೋದಾಮು, ಬಾವಿ ಸಹಿತ."
ಏನು ತುಂಬಿದ್ದರೆಂದು ಯಾರೂ ಬರೆದಿಲ್ಲ.
ಕೊಳ್ಳುವವರಿಗೆ ಶುಕ್ರವಾರದೊಳಗೆ ವರದಿ ಬೇಕು.
ಇಲ್ಲಿ ಶಿಶುವಿಹಾರ ಬರುತ್ತದಂತೆ,
ಉಸುಕಿನ ಹೊಂಡ, ಜಾರುಬಂಡಿ.

ನಾನು ಮಣ್ಣನ್ನು ವಿಚಾರಿಸುವವಳು.
ಕೈಯಲ್ಲಿ ತಿರುವುವ ಬೈರಿಗೆ, ಇಪ್ಪತ್ತು ಗಾಜಿನ ಶೀಶೆ,
ಐಸು ತುಂಬಿದ ಡಬ್ಬಿ.
ಮೀನು ಮಾರುವವಳೆಂದು ತಿಳಿದು
ಒಂದು ಬೆಕ್ಕು ಬೆಳಗಿನಿಂದ ಬೆನ್ನು ಬಿದ್ದಿದೆ.

ಮೊದಲ ಅಡಿ: ಇಟ್ಟಂಗಿ ಚೂರು, ಬಳೆಯ ಓಡು, ಬೀಡಿಕಟ್ಟಿನ ದಾರ.
ಎರಡನೆಯದು ಎರೆ. ಅಪ್ಪಟ ಗದಗಿನ ಎರೆ,
ಬೈರಿಗೆಯನ್ನು ಹಿಡಿದರೆ ಬಿಡದು,
ಮಾತಿಗೆ ಸಿಕ್ಕ ನೆಂಟನ ಹಾಗೆ.
ಬೇಸಿಗೆಯಲ್ಲಿ ಇದು ಮೊಳದಗಲ ಬಾಯಿ ಬಿಡುತ್ತದೆ,
ಮೇಲೆ ಚೆಲ್ಲಿದ್ದನ್ನೆಲ್ಲ ಗಟಗಟ ಕುಡಿದು
ಮೊದಲ ಮಳೆಗೆ ತುಟಿ ಕೂಡಿಸಿ
ಏನೂ ಆಗಿಲ್ಲದಂತೆ ಕೂರುತ್ತದೆ.
ನಾಲ್ಕನೆಯ ಅಡಿಯಲ್ಲಿ
ಹಸಿರು.
ಎಲೆಯದಲ್ಲ, ಗಿಳಿಯದಲ್ಲ,
ಅಟ್ಟದ ಮೇಲೆ ಮರೆತ ತಾಮ್ರದ ತಂಬಿಗೆಯ
ತಳದ ಹಸಿರು.

ಓಣಿಯವರನ್ನು ಕೇಳಬೇಕು. ಅದೂ ನಮೂನೆಯಲ್ಲಿದೆ, ಕಲಮು ಒಂಬತ್ತು.
ಎದುರುಮನೆಯ ಕಟ್ಟೆಯ ಮೇಲೆ ತುಳಜಾಬಾಯಿ ಲದ್ವಾ
ಕಂಡಿಕೆ ಸುತ್ತುವುದನ್ನು ನಿಲ್ಲಿಸದೆ ನಕ್ಕಳು:
"ಗೋದಾಮ ಎಲ್ಲೀದ್ರೀ? ಬಣ್ಣದ ಭಟ್ಟಿ ಅದು.
ಬಾವ್ಯಾಗ ಕೊಡ ಬಿಟ್ರ ಆವತ್ತಿನ ನೂಲು ಯಾವ್ದಂತ ಗೊತ್ತಾಗ್ತಿತ್ತು.
ನಾವು ಹುಡುಗ್ರು ಪಣಾ ಕಟ್ತಿದ್ವಿ,
ಇವತ್ತ ಬದನಿಕಾಯಿ, ನಾಳೆ ದಾಳಿಂಬರಿ.
ನಾ ಭಾಳ ಸಲ ಗೆದ್ದೇನ್ರೀ."
ಒಂಬತ್ತು, ಆ: ದೂರುಗಳಿದ್ದವೇ?
"ದೂರು ಯಾಕ್ರೀ? ಚಂದ ಇತ್ತು."
ಇಲ್ಲ, ಎಂದು ಬರೆದೆ.

ನೀರು ತಂದಿಟ್ಟಳು.
ನನ್ನ ಕೈ ಚೀಲದೊಳಗಿನ ಬಾಟಲಿಗೆ ಹೋದದ್ದು ಕಂಡು
"ನಳದ್ದರೀ, ಎಂಟು ದಿನಕ್ಕೊಮ್ಮೆ ಬರತೈತಿ.
ಬಾವಿ ಮುಚ್ಚಿ ಇಪ್ಪತ್ತು ವರ್ಷಾತು."
ಹೌದೌದು, ಎಂದೆ. ಲೋಟ ಕಟ್ಟೆಯ ಮೇಲೆ ಉಳಿಯಿತು.

ದಾವಲಸಾಬ ನೀಲಗಾರನನ್ನು ಮೊಮ್ಮಗ ಸೈಕಲ್ಲಿನ ಮೇಲೆ ಕೂರಿಸಿ ತಂದ.
ಮೂವತ್ತೊಂದು ವರ್ಷ ಭಟ್ಟಿಯ ಮುಂದೆ ನಿಂತವನು.
ನನ್ನ ನಕಾಶೆಯನ್ನು ತಲೆಕೆಳಗಾಗಿ ಹಿಡಿದ,
ಮಡಚಿ ನನಗೇ ಕೊಟ್ಟು
ಕಣ್ಣು ಮುಚ್ಚಿ ನಡೆದ.
ಬಾಗಿಲಿಂದ ಹದಿನಾಲ್ಕು ಹೆಜ್ಜೆ, ಎಡಕ್ಕೆ ಆರು.
"ಇಲ್ಲಿ ಕೇಸರಿ ಹರಳು ಇಡ್ತಿದ್ವಿ. ಕಲ್ಲಸಕ್ಕರಿ ಇದ್ದಂಗ.
ಅದಿಲ್ದ ಬಣ್ಣ ನಿಲ್ಲೂದಿಲ್ಲ ಬಾಯಾರ,
ಮೊದಲ ತೊಳ್ಯಾಣಕ್ಕ ಓಡಿ ಹೊಕ್ಕೈತಿ.
ಚೀಲ ಒಡದ್ರ ಕಸಬರಗಿಲೆ ಬಿರುಕಿನ್ಯಾಗ ಗುಡಸ್ತಿದ್ವಿ."
ಅವನು ಕಾಲೂರಿದ್ದು
ನಾನು ತೋಡಿದ ತೂತಿನಿಂದ ಒಂದು ಗೇಣು ಆಚೆ.

ಬೇರೇನಾದರೂ ನೆನಪಿದೆಯೇ?
ಮುಖ ಎತ್ತಿ, ಹೆಬ್ಬೆರಳಿಂದ
ಮೂಗಿನ ತುದಿಯನ್ನು ಮೇಲಕ್ಕೊತ್ತಿದ.
ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ
ಜೋಳದ ಕಾಳಿನಷ್ಟು ತೂತು.
ಆಚೆಯಿಂದ ಬೆಳಕು ಬರುತ್ತಿತ್ತು.
"ನೋವಿಲ್ಲ. ನಮ್ಮಾಕಿ ಅಂತಿದ್ಲು,
ಪುಗಸಟ್ಟೆ ತೂತು ಬಿದ್ದೈತಿ, ಒಂದು ಬುಲಾಕು ಹಾಕ್ಕೋ ಅಂತ."
ಮೊಮ್ಮಗ ತಲೆ ತಗ್ಗಿಸಿ
ಪೆಡಲನ್ನು ಹಿಂದಕ್ಕೆ, ಹಿಂದಕ್ಕೆ ತಿರುವುತ್ತಿದ್ದ.

ಮಣ್ಣಿನ ಆಳಕ್ಕೆ ನನ್ನಲ್ಲಿ ಜಾಗವಿದೆ, ನೀರಿನ ಬಣ್ಣಕ್ಕಿದೆ,
ವಾಸನೆಗೂ ಇದೆ: ಇಲ್ಲ, ಮಂದ, ತೀಕ್ಷ್ಣ.

ಸಂಜೆ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು
ತಿರುಗಲೋ ಬೇಡವೋ ಎನ್ನುತ್ತಿದ್ದಾಗ
ಕೊಳ್ಳುವವರ ಮನುಷ್ಯನ ಫೋನು:
"ಹಳೇದೆಲ್ಲ ಯಾಕ್ರೀ ಮೇಡಂ, ಉತಾರದಾಗ ಐತಲ್ಲ."
ಗೋದಾಮು ಎಂಬುದರ ಮೇಲೆ ಗೆರೆ ಎಳೆದೆ.
ಬಣ್ಣದ ಭಟ್ಟಿ. ಆಧಾರ: ದಾವಲಸಾಬ ನೀಲಗಾರ, ಎಪ್ಪತ್ತಾರು.
ಕಣ್ಣಾರೆ ಕಂಡದ್ದು.
ಕಂಡದ್ದು ಅವನೋ ನಾನೋ, ನಮೂನೆ ಕೇಳುವುದಿಲ್ಲ.

ತುಳಜಾಬಾಯಿ ಲೋಟ ಒಯ್ಯಲು ಬಂದಳು.
ತುಂಬಿಯೇ ಇತ್ತು.
ನನ್ನನ್ನು ನೋಡಿದಳು, ಲೋಟವನ್ನು ನೋಡಿದಳು.
ಎಂಟು ದಿನದ ನೀರು. ಚೆಲ್ಲಲಿಲ್ಲ.
ನಿಂತಲ್ಲೇ ತಲೆ ಹಿಂದಕ್ಕೆ ಹಾಕಿ
ಗಟಗಟ ಕುಡಿದು
ಸೆರಗಿನಿಂದ ಬಾಯೊರೆಸಿಕೊಂಡಳು.